1971ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಪೂರ್ವ ಭಾಗದಲ್ಲಿ, ಅಂದರೆ ಈಗಿನ ಬಾಂಗ್ಲಾದೇಶದ ಕಡೆ, ಪರಮವೀರ ಚಕ್ರ ಸಿಕ್ಕಿದ್ದು ಯಾರಿಗೆ?

ಒಬ್ಬರಿಗೇ. ಲ್ಯಾನ್ಸ್ ನಾಯಕ್ ಆಲ್ಬರ್ಟ್ ಎಕ್ಕಾ, 14ನೇ ಗಾರ್ಡ್ಸ್ ಬೆಟಾಲಿಯನ್. ಅದೂ ಸತ್ತ ಮೇಲೆ. ಆಗಿನ ಬಿಹಾರ, ಈಗಿನ ಜಾರ್ಖಂಡ್‌ನ ಗುಮ್ಲಾ ಕಡೆಯ ಆದಿವಾಸಿ ಮನೆಯ ಹುಡುಗ, ವಯಸ್ಸು ಇನ್ನೂ 28.

ಡಿಸೆಂಬರ್ 3ರ ರಾತ್ರಿ ಕಳೆದು ಬೆಳಗಾಗುವ ಹೊತ್ತು, ಅಗರ್ತಲಾ ಗಡಿಯಾಚೆ ಗಂಗಾಸಾಗರ. ಪಾಕಿಸ್ತಾನದ ಒಂದು ಲೈಟ್ ಮೆಷಿನ್ ಗನ್ ಇವರ ಕಂಪನಿಯವರನ್ನು ಉರುಳಿಸುತ್ತಿತ್ತು. ಎಕ್ಕಾ ಆ ಬಂಕರ್‌ಗೇ ನುಗ್ಗಿ, ಬಯೊನೆಟ್‌ನಿಂದ ಇಬ್ಬರನ್ನು ತಿವಿದು ಗನ್ ಬಾಯಿ ಮುಚ್ಚಿಸಿದರು. ಗಾಯ ಜೋರಾಗಿಯೇ ಆಗಿತ್ತು, ಆದರೂ ಹಿಂದೆ ಬರಲಿಲ್ಲ, ಜೊತೆಯವರ ಸಂಗಡ ಒಂದೊಂದೇ ಬಂಕರ್ ತೆರವು ಮಾಡುತ್ತಾ ಹೋದರು. ಅಷ್ಟರಲ್ಲಿ ಒಂದು ಗಟ್ಟಿ ಕಟ್ಟಡದ ಎರಡನೇ ಅಂತಸ್ತಿನಿಂದ ಮೀಡಿಯಂ ಮೆಷಿನ್ ಗನ್ ಶುರುವಾಯಿತು. ತೆವಳಿಕೊಂಡೇ ಹೋಗಿ ಒಳಗೆ ಗ್ರೆನೇಡ್ ಎಸೆದರು. ಒಬ್ಬ ಸತ್ತ, ಗನ್ ಮಾತ್ರ ನಿಲ್ಲಲಿಲ್ಲ. ಆ ಸ್ಥಿತಿಯಲ್ಲಿ ಪಕ್ಕದ ಗೋಡೆ ಹತ್ತಿ ಒಳಗೆ ಇಳಿದು, ಉಳಿದವನನ್ನು ಬಯೊನೆಟ್‌ನಿಂದಲೇ ಮುಗಿಸಿದರು. ಸುಮ್ನೆ ಓದುವಾಗಲೇ ಮೈ ಜುಮ್ ಅನ್ನುತ್ತೆ, ಅಲ್ವಾ? ಗಾಯಗಳಿಂದ ಅಲ್ಲೇ ತೀರಿಕೊಂಡರು.

ಆ ಯುದ್ಧದಲ್ಲಿ ಪರಮವೀರ ಚಕ್ರ ಪಡೆದವರು ಒಟ್ಟು 4 ಜನ, ಅದನ್ನು ಬದುಕಿದ್ದು ಪಡೆದವರು ಮೇಜರ್ ಹೋಶಿಯಾರ್ ಸಿಂಗ್ ಒಬ್ಬರೇ. ರಾಂಚಿಗೆ ಹೋದರೆ ನಡು ಊರಲ್ಲೇ ಆಲ್ಬರ್ಟ್ ಎಕ್ಕಾ ಚೌಕ ಇದೆ, ಅವರ ಪ್ರತಿಮೆಯೂ ಅಲ್ಲೇ.