ನಳದ ನೀರಿನ ಕ್ಲೋರಿನ್‌ಗೆ ಹೆದರಬೇಕಾ?

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ನಳದ ನೀರಿಗೆ ಔಷಧಿ ವಾಸನೆ ಜಾಸ್ತಿ. ಕ್ಲೋರಿನ್‌ನಿಂದ ಕ್ಯಾನ್ಸರ್ ಬರುತ್ತದೆ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಸಣ್ಣ ಮಗು ಇದೆ. ಬಾವಿ ನೀರು ಕೊಡಲಾ?
– ಒಬ್ಬ ತಾಯಿ, ಟಿಳಕವಾಡಿ, ಬೆಳಗಾವಿ

ಉತ್ತರ: ಬೇಡ ತಾಯಿ. ಕಾಯಿಸದ ಬಾವಿ ನೀರನ್ನು ಮಗುವಿಗೆ ಕೊಡಲೇಬೇಡಿ.

ಬೆಳಗಾವಿಗೆ ರಾಕಸಕೊಪ್ಪ, ಹಿಡಕಲ್ ಜಲಾಶಯಗಳಿಂದ ನೀರು ಬರುತ್ತದೆ. ಮಳೆಗಾಲದಲ್ಲಿ ಕೊಳೆತ ಎಲೆ, ಮಣ್ಣು ಎಲ್ಲ ಹರಿದು ಜಲಾಶಯ ಸೇರುತ್ತವೆ, ಅಲ್ವಾ? ಇವುಗಳ ಅಂಶ ನೀರಿನಲ್ಲಿ ಉಳಿದರೆ, ಕ್ಲೋರಿನ್ ಅದರೊಡನೆ ಸೇರಿ ಕ್ಲೋರೋಫಾರ್ಮ್‌ನಂಥ, ಟ್ರೈಹಾಲೋಮೀಥೇನ್ ಎಂಬ ರಾಸಾಯನಿಕಗಳು ಹುಟ್ಟುತ್ತವೆ. 1974ರಲ್ಲೇ ಇದು ಗೊತ್ತಾಗಿದೆ. ಇವು ಜಾಸ್ತಿ ಇರುವ ನೀರನ್ನು ಹತ್ತಾರು ವರ್ಷ ಬಳಸಿದವರಲ್ಲಿ ಮೂತ್ರಕೋಶದ ಕ್ಯಾನ್ಸರ್ ಸ್ವಲ್ಪ ಹೆಚ್ಚು ಕಂಡದ್ದುಂಟು. ಹಾಗಾಗಿ ಪಕ್ಕದವರ ಮಾತನ್ನು ಸುಮ್ನೆ ತಳ್ಳಿಹಾಕಲಾರೆ. ಆದರೆ ಕ್ಲೋರಿನ್ ಇಲ್ಲದ ನೀರಿನಿಂದ ವಾಂತಿಭೇದಿ ನಾಳೆಯೇ ಬರಬಹುದು. ಹಸುಗೂಸಿಗೆ ಅದು ಜೀವಕ್ಕೇ ಅಪಾಯ. ನನಗೆ ಹೆಚ್ಚಿನ ಭಯ ಇದರದ್ದೇ.

ವಾಸನೆಯಿಂದ ಏನೂ ತೀರ್ಮಾನಿಸಬೇಡಿ. ಅದು ಕ್ಲೋರಿನ್‌ನದ್ದು, ಟ್ರೈಹಾಲೋಮೀಥೇನ್ ಲ್ಯಾಬ್ ಪರೀಕ್ಷೆಯಲ್ಲಿ ಮಾತ್ರ ತಿಳಿಯುತ್ತದೆ. ನಮ್ಮ ದೇಶದ ಮಾನದಂಡದಲ್ಲಿ ಲೀಟರಿಗೆ ಕ್ಲೋರೋಫಾರ್ಮ್ 0.2 ಮಿಲಿಗ್ರಾಂ ಮೀರಬಾರದು. ಈ ಪರೀಕ್ಷೆ ಮಾಡಿದ್ದೀರಾ ಎಂದು ಪಾಲಿಕೆಯನ್ನು ಕೇಳಿ. ಕೇಳುವುದು ನಿಮ್ಮ ಹಕ್ಕು.

ಮನೆಯಲ್ಲಿ ನೀರನ್ನು ಮುಚ್ಚಳ ತೆಗೆದು ಕೆಲವು ನಿಮಿಷ ಕುದಿಸಿ. ಕ್ಲೋರೋಫಾರ್ಮ್ ಬಹುಪಾಲು ಆವಿಯಾಗಿ ಹೋಗುತ್ತದೆ. ಕಿಟಕಿ ತೆರೆದಿರಲಿ. ಆರಿದ ಮೇಲೆ ಮುಚ್ಚಿಡಿ. ಕಾರ್ಬನ್ ಫಿಲ್ಟರ್ ಇದ್ದರೆ ಅದೂ ಒಳ್ಳೆಯದೇ, ಕಾರ್ಟ್ರಿಜ್ ಮಾತ್ರ ಹೊತ್ತಿಗೆ ಸರಿಯಾಗಿ ಬದಲಿಸಿ.