ಮಳೆಗಾಲದ ಚಾರಣ: ಉಂಬಳ ಬಿಡಿ, ಹಳ್ಳ ನೋಡಿಕೊಳ್ಳಿ

ಜುಲೈನಲ್ಲಿ ಗೆಳೆಯರ ಜೊತೆ ಶಿರಸಿ ಕಡೆ ಚಾರಣಕ್ಕೆ ಬರಬೇಕು ಅಂತಿದ್ದೀರಿ. ಉಂಬಳ (ಕಾಡಿನ ಜಿಗಣೆ), ಹಾವು ಅಂದರೆ ಹೆದರಿಕೆ, ಅಲ್ಲಿ ಓಡಾಡಿದವರು ತಮಗಾದ ಅನುಭವ ಹೇಳಿ ಅಂತ ಕೇಳಿದ್ದೀರಿ. ನಾನು ಶಿರಸಿಯವನು, ಚಿಕ್ಕಂದಿನಿಂದ ಈ ಘಟ್ಟದಲ್ಲೇ ಓಡಾಡಿದವನು. ಉಂಬಳದ ಮಾತು ಬೇಗ ಮುಗಿಸಿಬಿಡುತ್ತೇನೆ. ನಿಮಗೆ ಹೇಳಲೇಬೇಕಾದದ್ದು ಬೇರೆ ಇದೆ.

ಉಂಬಳ ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಹಸಿದ ಉಂಬಳ ದಾರದ ಎಳೆಯ ಹಾಗಿರುತ್ತದೆ, ಕಾಲುಚೀಲದ ಹೆಣಿಗೆಯೊಳಗೂ ತೂರುತ್ತದೆ. ಹೊಟ್ಟೆ ತುಂಬಿದ ಮೇಲೆ ತಾನೇ ಉದುರುತ್ತದೆ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಹಾಗಾಗಿ ಅದು ಹೋದ ಮೇಲೂ ಸುಮಾರು ಹೊತ್ತು ರಕ್ತ ಸೋರುತ್ತದೆ. ಹೊಸಬರು ಗಾಬರಿಯಾಗುವುದು ಅದನ್ನು ನೋಡಿಯೇ. ಕೋಲಿನ ತುದಿಗೆ ಬಟ್ಟೆಯಲ್ಲಿ ಉಪ್ಪಿನ ಗಂಟು ಕಟ್ಟಿಕೊಂಡು ಬನ್ನಿ. ಬೂಟು ಹತ್ತುತ್ತಿರುವ ಉಂಬಳಕ್ಕೆ ಮುಟ್ಟಿಸಿದರೆ ಬಿದ್ದು ಹೋಗುತ್ತದೆ. ಚರ್ಮ ಕಚ್ಚಿ ಹಿಡಿದದ್ದಕ್ಕೆ ಮಾತ್ರ ಉಪ್ಪು ಹಾಕಬೇಡಿ, ಕುಡಿದದ್ದನ್ನು ಗಾಯದೊಳಗೇ ಕಾರಬಹುದು. ಉಗುರನ್ನು ಅದರ ಬಾಯಿಯ ಹತ್ತಿರ ಚರ್ಮಕ್ಕೆ ಒತ್ತಿ ಪಕ್ಕಕ್ಕೆ ಸರಿಸಿ, ಬಿಡುತ್ತದೆ. ಆಮೇಲೆ ಕೆಲವು ದಿನ ತುರಿಕೆ ಇರುತ್ತದೆ, ಅಷ್ಟೇ. ಹಾವಿನ ವಿಷಯಕ್ಕೆ, ನೋಡದೆ ಕಲ್ಲಿನ ಸಂದಿಗೆ, ಪೊದೆಗೆ ಕೈ ಹಾಕಬೇಡಿ.

ನಿಜವಾಗಿ ಜೀವಕ್ಕೆ ಸಂಚಕಾರ ತರುವುದು ಹಳ್ಳ.

ಶಿರಸಿ-ಕುಮಟಾ ದಾರಿಯ ದೇವಿಮನೆ ಘಟ್ಟದ ಕಾಡಿನಲ್ಲಿ ನಮಗೆ ಆದದ್ದು ಹೇಳುತ್ತೇನೆ. ಆಗಸ್ಟ್ ತಿಂಗಳು. ಅವತ್ತು ಬೆಳಿಗ್ಗೆಯಿಂದ ಮಳೆ ಬಿಟ್ಟು ಹೊಳವಾಗಿತ್ತು, ಬಿಸಿಲೂ ಬಿದ್ದಿತ್ತು. ಹೋಗುವಾಗ ದಾಟಿದ ಹಳ್ಳದಲ್ಲಿ ನೀರು ಮೊಣಕಾಲಿಗಿಂತ ಕೆಳಗೆ, ತಳದ ಕಲ್ಲುಗಳೆಲ್ಲ ಕಾಣುತ್ತಿದ್ದವು. ಸಂಜೆ ವಾಪಸ್ ಬಂದಾಗಲೂ ಹಾಗೇ ಇತ್ತು. ಅರ್ಧ ಜನ ದಾಟಿ ಆಚೆ ದಡ ಸೇರಿದ್ದರು. ನಾನು ಇನ್ನೇನು ಕಾಲಿಡಬೇಕು, ನಮ್ಮ ಜೊತೆ ಬಂದಿದ್ದ ಅಲ್ಲಿಯ ತೋಟದ ಹಿರಿಯರೊಬ್ಬರು ರಟ್ಟೆ ಹಿಡಿದು ನಿಲ್ಲಿಸಿದರು. "ತಮಾ, ನೀರು ಕೆಂಪಾಜು ನೋಡು. ಈಗ ದಾಟದು ಬ್ಯಾಡ."

ನೋಡಿದರೆ ತಿಳಿಯಾಗಿದ್ದ ನೀರಿಗೆ ಮಣ್ಣಿನ ಬಣ್ಣ ಬರುತ್ತಿತ್ತು. ಜೊತೆಗೆ ಒಣಗಿದ ಎಲೆ, ಕಡ್ಡಿಗಳು ತೇಲಿ ಬರುತ್ತಿದ್ದವು. ನಮ್ಮ ತಲೆಯ ಮೇಲೆ ಒಂದು ಹನಿ ಮಳೆ ಇಲ್ಲ! ನಡುವೆ ಇದ್ದ ಗೆಳೆಯನಿಗೆ ಕೂಗಿ ಹೇಳುವಷ್ಟರಲ್ಲಿ ನೀರು ಅವನ ತೊಡೆಗೆ ಬಂದಿತ್ತು. ಹಾವಸೆ ಕಟ್ಟಿದ ಕಲ್ಲಿನ ಮೇಲೆ ಕಾಲು ಜಾರಿ ಬಿದ್ದ. ಆಚೆ ದಡದ ವಾಟೆ ಬಿದಿರಿನ ಹಿಂಡಿಲು ಕೈಗೆ ಸಿಕ್ಕಿದ್ದರಿಂದ ಉಳಿದುಕೊಂಡ, ಅಲ್ಲಿದ್ದವರು ಎಳೆದು ಹಾಕಿದರು. ಬ್ಯಾಗು ಹೋಯಿತು. ಕಾರಿನ ಕೀ ಅದರಲ್ಲೇ ಇತ್ತು.

ನಾವು ಈಚೆ, ಅವರು ಆಚೆ. ನೀರಿನ ಸದ್ದಿಗೆ ಎಷ್ಟು ಕೂಗಿದರೂ ಕೇಳುತ್ತಿರಲಿಲ್ಲ. ಮೊಬೈಲಿಗೆ ನೆಟ್‌ವರ್ಕ್ ಇಲ್ಲ. ಕೈಸನ್ನೆಯಲ್ಲೇ ನೀವು ರಸ್ತೆಗೆ ಹೋಗಿ ಎಂದೆವು. ಹಿರಿಯರು ಒಂದು ಕಡ್ಡಿ ಮುರಿದು ನೀರಿನ ಅಂಚಿಗೆ ಸರಿಯಾಗಿ ಮಣ್ಣಿಗೆ ಚುಚ್ಚಿ ಕೂತರು. ನೋಡುನೋಡುತ್ತಾ ಕಡ್ಡಿ ಮುಳುಗಿತು. ಸ್ವಲ್ಪ ಮೇಲೆ ಇನ್ನೊಂದು ಚುಚ್ಚಿದರು, ಅದೂ ಮುಳುಗಿತು. ಮೂರನೆಯದು ನಿಂತಿತು. ಕತ್ತಲಾಗುವ ಹೊತ್ತಿಗೆ ನೀರು ಆ ಕಡ್ಡಿಯಿಂದ ಒಂದು ಗೇಣು ಕೆಳಗೆ ಇಳಿದಿತ್ತು. ಇನ್ನೇನು ದಾಟಬಹುದಲ್ವಾ ಎಂದರೆ ಅವರು ಸುತರಾಂ ಒಪ್ಪಲಿಲ್ಲ. ಕತ್ತಲಲ್ಲಿ ನೀರಿನ ಬಣ್ಣ ಕಾಣುವುದಿಲ್ಲ ಎಂದರು. ಬ್ಯಾಟರಿ ಹಿಡಿದು ಈಚೆ ಮೇಲಿದ್ದ ಅವರ ನೆಂಟರ ಮನೆಗೆ ಕರೆದುಕೊಂಡು ಹೋದರು. ಆ ಮನೆಯವರು ಏನೊಂದೂ ಕೇಳದೆ ಬಚ್ಚಲ ಒಲೆಗೆ ಬೆಂಕಿ ಹಾಕಿದರು. ಬಿಸಿನೀರು ಮಿಂದು ಬಂದವರಿಗೆ ಅನ್ನ, ತಂಬುಳಿ, ಮಿಡಿ ಉಪ್ಪಿನಕಾಯಿ. ಆ ಊಟ ಈಗಲೂ ನೆನಪಿದೆ. ಬೆಳಿಗ್ಗೆ ಅದೇ ಹಳ್ಳ ಮೊಣಕಾಲಿಗೂ ಬರಲಿಲ್ಲ.

ಆ ಹಿರಿಯರು ಇರದಿದ್ದರೆ ಏನಾಗುತ್ತಿತ್ತು ಅಂತ ಬಹಳ ಸಲ ಯೋಚಿಸಿದ್ದೇನೆ. ಸಮುದ್ರದ ಕಡೆಯಿಂದ ಬರುವ ಮೋಡ ಘಟ್ಟಕ್ಕೆ ತಾಗಿ ಮೇಲೇರಿ ಸುರಿಯುತ್ತದೆ. ನಾವು ನಿಂತ ಜಾಗದಲ್ಲಿ ಬಿಸಿಲಿದ್ದರೂ ಘಟ್ಟದ ನೆತ್ತಿಯಲ್ಲಿ ಜೋರು ಮಳೆ ಆಗುತ್ತಿರಬಹುದು. ಇಳಿಜಾರು ಕಡಿದು, ಹಳ್ಳಗಳ ಹರಿವು ಗಿಡ್ಡ. ಹಾಗಾಗಿ ನೀರು ಏರುವುದೂ ಬೇಗ, ಇಳಿಯುವುದೂ ಬೇಗ. ನೀರು ಕೆಂಪಾದರೆ, ಕಸ ತೇಲಿ ಬಂದರೆ, ಸದ್ದು ಬದಲಾದರೆ ದಾಟಬೇಡಿ. ದಡದಿಂದ ಮೇಲೆ ಹೋಗಿ ಕಾಯಿರಿ. ಜಲಪಾತದ ಬುಡದಲ್ಲಿ ಈಜಾಡುವವರಿಗೂ ಇದೇ ಮಾತು. ಮತ್ತೆ ಕಾರಿನ ಕೀ ಬ್ಯಾಗಿನಲ್ಲಿ ಬೇಡ, ಮೈಮೇಲೇ ಇರಲಿ.

ಹಳ್ಳ ಒಂದೇ ಅಲ್ಲ, ಜುಲೈನಲ್ಲಿ ಗುಡ್ಡವನ್ನೂ ನಂಬುವ ಹಾಗಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯಲ್ಲಿದ್ದವರೇ ಜೀವ ಕಳೆದುಕೊಂಡರು. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ತೋಟಗಳೇ ಜಾರಿ ಹೋದವು. ಅದಕ್ಕೇ ಜುಲೈ ಬೇಡ ಅನ್ನುತ್ತೇನೆ. ಆ ತಿಂಗಳು ಮಂಜು ಬೇರೆ. 116 ಮೀಟರ್ ಎತ್ತರದ ಉಂಚಳ್ಳಿ ಜಲಪಾತದ ಎದುರು ನಿಂತರೂ ಎಷ್ಟೋ ಸಲ ಸದ್ದು ಮಾತ್ರ ಕೇಳುತ್ತದೆ.

ಅಕ್ಟೋಬರ್ ಕೊನೆಗೆ ಬನ್ನಿ. ಉಂಚಳ್ಳಿಯಲ್ಲೂ ಮಾಗೋಡು ಜಲಪಾತದಲ್ಲೂ ಆಗ ಇನ್ನೂ ಚೆನ್ನಾಗಿ ನೀರಿರುತ್ತದೆ, ಉಂಬಳವೂ ಕಡಿಮೆ. ಹೊಸಬರಾದರೆ ಯಾಣದಿಂದ ಶುರು ಮಾಡಿ, ದಾರಿ ಸಲೀಸು. 120 ಮೀಟರಿನ ಭೈರವೇಶ್ವರ ಶಿಖರದ ಬುಡದಲ್ಲಿ ನಿಂತು ಮೇಲೆ ನೋಡಿ, ಅಲ್ಲಿಂದ ವಿಭೂತಿ ಜಲಪಾತಕ್ಕೆ ಹೋಗಿ. ಕಾಡಿನೊಳಗಿನ ದಾರಿ ಹಿಡಿಯುವುದಾದರೆ ಮೊದಲು ಅರಣ್ಯ ಇಲಾಖೆಯ ಅನುಮತಿ ಬೇಕಾ ಅಂತ ವಿಚಾರಿಸಿ, ಆ ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ದಿನಾಂಕ ಗೊತ್ತಾದ ಮೇಲೆ ಇಲ್ಲೇ ಬರೆಯಿರಿ, ಆ ವಾರ ಮಳೆ ಹೇಗಿದೆ ಅಂತ ತಿಳಿಸುತ್ತೇನೆ.