ಫ್ರಿಜ್ಜಿನಲ್ಲಿ ಉಳಿದ 11 ರೀಲುಗಳು

ಆಪ್ತ ಸಲಹೆಗಾರಳಾಗಿ ನಾನು ಕಂಡ ಈ ಪ್ರಕರಣದ ವ್ಯಕ್ತಿಯ ಗುರುತು ಸಿಗದಂತೆ ಮನೆತನದ ಮತ್ತು ಕಾಲದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಆಕೆ ಓದಿ ಒಪ್ಪಿದ ಮೇಲೆಯೇ ಇದನ್ನು ಪ್ರಕಟಿಸುತ್ತಿದ್ದೇನೆ.

ಆಕೆಗೆ 23 ವರ್ಷ. ದೃಶ್ಯಕಲೆಯಲ್ಲಿ ಪದವಿ ಮುಗಿಸಿ ಎಂಟು ತಿಂಗಳಾಗಿತ್ತು. ಮುಖ್ಯ ವಿಷಯ ಛಾಯಾಗ್ರಹಣ. ಅದರಲ್ಲೂ ರೀಲು ಹಾಕುವ ಕ್ಯಾಮೆರಾದಲ್ಲಿ ಕಪ್ಪು-ಬಿಳುಪು ಚಿತ್ರ. ಇಂಥ ರೀಲನ್ನು ರಾಸಾಯನಿಕದಲ್ಲಿ ತೊಳೆದರೆ ಮಾತ್ರ ತೆಗೆದ ಚಿತ್ರ ಕಣ್ಣಿಗೆ ಕಾಣುತ್ತದೆ. ತಾಲ್ಲೂಕು ಕೇಂದ್ರವೊಂದರಲ್ಲಿ ಬಹುಕಾಲ ಸ್ಟುಡಿಯೊ ನಡೆಸಿದ ದೊಡ್ಡಪ್ಪ ಅಂಗಡಿ ಮುಚ್ಚುವಾಗ ತಮ್ಮ ಪೆಂಟ್ಯಾಕ್ಸ್ ಕೆ1000 ಕ್ಯಾಮೆರಾವನ್ನು ಆಕೆಗೆ ಕೊಟ್ಟಿದ್ದರು. ಕೊನೆಯ ವರ್ಷದ ಪ್ರದರ್ಶನ ಮುಗಿದ ದಿನದಿಂದ ಆ ಕ್ಯಾಮೆರಾದಲ್ಲಿ ಒಂದು ಚಿತ್ರವನ್ನೂ ಆಕೆ ತೆಗೆದಿರಲಿಲ್ಲ. ಮೈಸೂರಿನ ನನ್ನ ಕೊಠಡಿಗೆ ಆಕೆಯನ್ನು ಕರೆತಂದ ತಾಯಿ ಹೇಳಿದ ಮೊದಲ ಮಾತು ಇಷ್ಟೇ: "ಮೇಡಂ, ಮೊಟ್ಟೆ ಇಡೋ ಜಾಗದಲ್ಲಿ ಇವಳ ರೀಲು ಕೂತಿವೆ. ತೊಳೆಯೋದೂ ಇಲ್ಲ, ತೆಗೆದಿಡೋಕೆ ನಮಗೂ ಬಿಡೋದಿಲ್ಲ."

ಮೊದಲ ಭೇಟಿಯಲ್ಲಿ ಖಿನ್ನತೆಯ ಲಕ್ಷಣಗಳನ್ನು ಪರಿಶೀಲಿಸಿದೆ. ಎರಡು ವಾರಕ್ಕೂ ಹೆಚ್ಚು ಕಾಲ ದಿನದ ಬಹುಪಾಲು ಮನಸ್ಸು ಕುಗ್ಗಿರುವುದು, ಯಾವುದರಲ್ಲೂ ರುಚಿ ಇಲ್ಲದಿರುವುದು, ನಿದ್ದೆ ಮತ್ತು ಹಸಿವು ಏರುಪೇರಾಗುವುದು, ಸಾವಿನ ಯೋಚನೆ ಬರುವುದು, ಇವು ಇದ್ದಿದ್ದರೆ ಮನೋವೈದ್ಯರ ಬಳಿಗೆ ಕಳಿಸುವುದೇ ನನ್ನ ಕೆಲಸವಾಗುತ್ತಿತ್ತು. ಆಕೆ ಚೆನ್ನಾಗಿ ನಿದ್ದೆ ಮಾಡುತ್ತಿದ್ದಳು, ಅಡುಗೆ ಮಾಡುತ್ತಿದ್ದಳು, ಗೆಳತಿಯರೊಡನೆ ನಗುತ್ತಿದ್ದಳು. ಕ್ಯಾಮೆರಾ ಒಂದನ್ನು ಮಾತ್ರ ಮುಟ್ಟಲಾಗುತ್ತಿರಲಿಲ್ಲ. ತನಗೆ 'ಬರ್ನ್‌ಔಟ್', ಅಂದರೆ ಕೆಲಸದ ಒತ್ತಡದಿಂದ ಪೂರ್ತಿ ಬಳಲಿಹೋಗುವುದು, ಆಗಿದೆ ಎಂದು ಆಕೆಯೇ ತೀರ್ಮಾನಿಸಿಕೊಂಡು ಬಂದಿದ್ದಳು. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಅದು ರೋಗವಲ್ಲ, ಕೆಲಸದ ಸ್ಥಳದ ಒತ್ತಡಕ್ಕೆ ಸಂಬಂಧಿಸಿದ ಸ್ಥಿತಿ ಎಂದು ನಾನು ಹೇಳಿದಾಗ, "ನನಗೆ ಕೆಲಸವೇ ಇಲ್ಲವಲ್ಲ ಮೇಡಂ" ಎಂದಳು.

ಇಲ್ಲಿ ನನ್ನ ತಪ್ಪೊಂದನ್ನು ಹೇಳಲೇಬೇಕು. ದಣಿದಿದ್ದಾಳೆ, ಸುಧಾರಿಸಿಕೊಳ್ಳಲಿ ಎಂದುಕೊಂಡು ಹತ್ತು ದಿನ ಎಲ್ಲಿಗಾದರೂ ಹೋಗಿಬರುವಂತೆ ಸೂಚಿಸಿದೆ. ಆಕೆ ಚಿಕ್ಕಮಗಳೂರಿನ ಸಂಬಂಧಿಕರ ಮನೆಗೆ ಕ್ಯಾಮೆರಾವನ್ನೂ ಹೊತ್ತುಕೊಂಡು ಹೋಗಿ, ಮಂಜು, ಮಳೆ, ಕಾಫಿ ತೋಟ ಎಲ್ಲವನ್ನೂ ನೋಡಿ, ಒಂದು ಚಿತ್ರವನ್ನೂ ತೆಗೆಯದೆ ಮರಳಿದಳು. ಅಷ್ಟು ಚಂದದ ಜಾಗದಲ್ಲೂ ತನ್ನ ಕಣ್ಣು ತೆರೆಯಲಿಲ್ಲವೆಂದ ಮೇಲೆ ತನ್ನಲ್ಲಿ ಏನೂ ಉಳಿದಿಲ್ಲ ಎಂಬ ಭಾವನೆ ಗಟ್ಟಿಯಾಗಿತ್ತು. ವಿಶ್ರಾಂತಿ ಎಂದರೆ ಮೊಬೈಲನ್ನು ಚಾರ್ಜಿಗೆ ಹಾಕಿದಂತೆ, ಇಷ್ಟು ಹೊತ್ತು ಬಿಟ್ಟರೆ ತುಂಬಿಬಿಡುತ್ತದೆ ಎಂದು ನಾನೂ ಎಣಿಸಿದ್ದೆ.

ಮುಂದಿನ ಎರಡು ಭೇಟಿಗಳಲ್ಲಿ ಸಲಹೆ ಕೊಡುವುದನ್ನು ನಿಲ್ಲಿಸಿ, ವಿಶ್ವವಿದ್ಯಾಲಯದಲ್ಲಿದ್ದಾಗ ಒಂದು ಚಿತ್ರ ಹೇಗೆ ಆಗುತ್ತಿತ್ತು ಎಂದು ಕೇಳುತ್ತ ಹೋದೆ. ಅಲ್ಲಿ ರೀಲು ತೊಳೆದು ಪ್ರಿಂಟು ಹಾಕುವ ಕತ್ತಲೆಕೋಣೆ, ಡಾರ್ಕ್‌ರೂಂ, ಇತ್ತು, ರಾಸಾಯನಿಕಗಳು ಪುಕ್ಕಟೆ. ಗುರುವಾರ ಗುರುವಾರ ಎಲ್ಲರ ಪ್ರಿಂಟುಗಳನ್ನು ಗೋಡೆಗೆ ಅಂಟಿಸಿ ಅಧ್ಯಾಪಕರು ಒಂದೊಂದನ್ನೇ ಬಿಡಿಸಿ ಮಾತನಾಡುತ್ತಿದ್ದರು. ಪದವಿಯ ಜೊತೆಗೇ ಆ ಕೋಣೆ, ಆ ಗುರುವಾರ, ಆ ಗೋಡೆ ಮೂರೂ ಹೋದವು. ಉಳಿದದ್ದು ಲೆಕ್ಕ: ಸಾವಿರ ರೂಪಾಯಿಗೆ ಕಡಿಮೆ ಇಲ್ಲದ ಒಂದು ರೀಲು, ಅದರಲ್ಲಿ 36 ಚಿತ್ರ, ಮೇಲೆ ತೊಳೆಯುವ ಖರ್ಚು. ಬೆರಳು ಗುಂಡಿಯ ಮೇಲೆ ಇಡುವ ಮೊದಲೇ ಇದು ಮೂವತ್ತು ರೂಪಾಯಿಗೆ ತಕ್ಕ ಚಿತ್ರವೇ ಎಂದು ಕೇಳುವ ದನಿ, ಅದರ ಹಿಂದೆಯೇ ಇದನ್ನು ಗುರುವಾರ ಗೋಡೆಗೆ ಹಾಕಬಹುದೇ ಎಂದು ಕೇಳುವ ಇನ್ನೊಂದು ದನಿ. ಎರಡನೆಯ ದನಿಗೆ ಈಗ ಒಡೆಯರೇ ಇರಲಿಲ್ಲ, ಆದರೂ ಅದು ನಿಂತಿರಲಿಲ್ಲ. ನನ್ನ ತಿಳಿವಳಿಕೆಯಲ್ಲಿ ಆಕೆಯ ತೊಂದರೆ ದಣಿವಲ್ಲ. ನೋಡುವವರು ಇಲ್ಲವಾಗಿ, ತೀರ್ಪು ಕೊಡುವವರು ಮಾತ್ರ ತಲೆಯೊಳಗೆ ಉಳಿದುಬಿಟ್ಟಿದ್ದರು.

ಫ್ರಿಜ್ಜಿನ 11 ರೀಲುಗಳ ಮಾತು ಬಂದಾಗ ಆಕೆ ಅಮೆರಿಕದ ಛಾಯಾಗ್ರಾಹಕ ಗ್ಯಾರಿ ವಿನೊಗ್ರಾಂಡ್ ಅವರನ್ನು ಮುಂದೆ ತಂದಳು. ತೆಗೆದ ಗಳಿಗೆಯ ಮೋಹ ಕಳೆಯಲೆಂದು ಅವರು ರೀಲುಗಳನ್ನು ಬೇಕೆಂದೇ ಬಹುಕಾಲ ತೊಳೆಯದೆ ಇಡುತ್ತಿದ್ದರಂತೆ. ಅದು ನಿಜ. ಆದರೆ 1984ರಲ್ಲಿ ಅವರು ತೀರಿಕೊಂಡಾಗ ತೊಳೆಯದ ಸುಮಾರು 2,500 ರೀಲುಗಳು ಉಳಿದಿದ್ದವು ಎಂಬುದೂ ನಿಜ. ರೀಲಿನ ಮೇಲೆ ಬಿದ್ದ ಬೆಳಕಿನ ಗುರುತು ಕಾಲ ಕಳೆದಂತೆ ಮಸುಕಾಗುತ್ತದೆ, ತಂಪು ಅದನ್ನು ನಿಧಾನಿಸುತ್ತದೆಯೇ ಹೊರತು ತಡೆಯುವುದಿಲ್ಲ ಎಂದು ನನಗೆ ಕಲಿಸಿದವಳೂ ಆಕೆಯೇ. "ಹಾಗಾದರೆ ನೀವು ಕಾಯುತ್ತಿರುವುದು ಯಾವುದಕ್ಕೆ?" ಎಂದು ಕೇಳಿದೆ. ಉತ್ತರ ಬರಲು ತುಂಬಾ ಹೊತ್ತು ಹಿಡಿಯಿತು: "ಚೆನ್ನಾಗಿ ಬಂದಿಲ್ಲ ಅಂತ ಗೊತ್ತಾಗಬಾರದು ಅಂತ."

ಕೊಟ್ಟ ಸಲಹೆ ಹೀಗಿತ್ತು. ಉತ್ಸಾಹ ಬಂದ ಮೇಲೆ ಕೆಲಸ ಎಂದು ಕಾಯಬಾರದು. ಕೆಲಸದ ಬೆನ್ನಿಗೆ ಉತ್ಸಾಹ ಬರುವುದೇ ಹೆಚ್ಚು, ಆದ್ದರಿಂದ ಮೊದಲ ಹೆಜ್ಜೆ ನಗು ಬರುವಷ್ಟು ಚಿಕ್ಕದಿರಬೇಕು. ವಾರಕ್ಕೆ ಮೂರು ಬೆಳಗ್ಗೆ ರೀಲು ಹಾಕದ ಕ್ಯಾಮೆರಾ ಹಿಡಿದು ದೇವರಾಜ ಮಾರುಕಟ್ಟೆಯಲ್ಲಿ ಅರ್ಧ ಗಂಟೆ ನಡೆಯುವುದು, ಹೂವಿನ ಸಾಲಿನ ಬೆಳಕನ್ನು ಕಣ್ಣಳತೆಯಲ್ಲೇ ಊಹಿಸಿ ಆಮೇಲೆ ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮುಳ್ಳನ್ನು ನೋಡುವುದು. ಖಾಲಿ ಕ್ಯಾಮೆರಾಕ್ಕೆ ಖರ್ಚೂ ಇಲ್ಲ, ಗೋಡೆಯೂ ಇಲ್ಲ. ಜೊತೆಗೆ ಹಳೆಯ ಒಂದೇ ಒಂದು ರೀಲನ್ನು ಮನೆಯಲ್ಲೇ ತೊಳೆಯುವುದು. ಸ್ಕ್ಯಾನ್ ಮಾಡಬಾರದು, ಯಾರಿಗೂ ಕಳಿಸಬಾರದು, ಒಣಗಿಸಿ ಬೆಳಕಿಗೆ ಹಿಡಿದು ನೋಡಿದರೆ ಸಾಕು.

ಆ ರೀಲನ್ನು ಆಕೆ ಏಪ್ರಿಲ್ ತಿಂಗಳ ಒಂದು ರಾತ್ರಿ ಬಚ್ಚಲುಮನೆಯಲ್ಲಿ ತೊಳೆದಳು. ನಲ್ಲಿಯ ನೀರು ಬೆಚ್ಚಗಿದ್ದುದರಿಂದ ಐಸ್ ತುಂಡುಗಳ ಪಾತ್ರೆಯಲ್ಲಿ ಚಿತ್ರ ಮೂಡಿಸುವ ರಾಸಾಯನಿಕವಾದ ಡೆವಲಪರ್ ಇಟ್ಟು 20 ಡಿಗ್ರಿಗೆ ಇಳಿಸಿ, ಏಳೂವರೆ ನಿಮಿಷ ಡಬ್ಬಿ ಅಲುಗಿಸಿದಳಂತೆ. ತೆರೆದು ನೋಡಿದರೆ ಇಡೀ ರೀಲು ಖಾಲಿ. ತಯಾರಿಕೆಯಲ್ಲೇ ಅಂಚಿಗೆ ಹಾಕಿರುವ, ತೊಳೆದಾಗ ಮೂಡುವ ಅಂಕಿಗಳು ಸ್ಪಷ್ಟವಾಗಿದ್ದವು, ಅಂದರೆ ತಪ್ಪು ರಾಸಾಯನಿಕದ್ದಲ್ಲ. ಪ್ರದರ್ಶನದ ಗಡಿಬಿಡಿಯಲ್ಲಿ ರೀಲಿನ ತುದಿ ಕ್ಯಾಮೆರಾದೊಳಗೆ ಸರಿಯಾಗಿ ಸಿಕ್ಕಿಕೊಳ್ಳದೆ, ರೀಲು ಮುಂದೆ ಸರಿಯದೆ, ಒಂದು ಚಿತ್ರವೂ ಬಿದ್ದಿರಲಿಲ್ಲ. ರೀಲು ಸರಿದಂತೆಲ್ಲ ತಿರುಗಬೇಕಾದ ರಿವೈಂಡ್ ಗುಬ್ಬಿ ತಿರುಗುತ್ತಿದೆಯೇ ನೋಡಿಕೋ ಎಂದು ದೊಡ್ಡಪ್ಪ ಕಲಿಸಿದ್ದ ಮೊದಲ ಪಾಠವನ್ನೇ ಮರೆತಿದ್ದಳು. ಎಂಟು ತಿಂಗಳು ತಾನು ಹೆದರಿದ್ದು ಏನೂ ಇಲ್ಲದ ಪ್ಲಾಸ್ಟಿಕ್ ಪಟ್ಟಿಗೆ ಎಂದು ಹೇಳುತ್ತ ನನ್ನ ಕೊಠಡಿಯಲ್ಲಿ ಮೊದಲ ಸಲ ನಕ್ಕಳು. ಇಂಥದ್ದನ್ನು ಯಾವ ಸಲಹೆಗಾರಳೂ ಯೋಜಿಸಲಾರಳು; ಚಿತ್ರಗಳು ಚೆನ್ನಾಗಿ ಬಂದಿದ್ದರೆ ಇಷ್ಟು ಉಪಯೋಗವಾಗುತ್ತಿತ್ತೋ ಇಲ್ಲವೋ.

ಹಣದ ವಿಷಯವನ್ನು ಮನಸ್ಸಿನ ವಿಷಯವೆಂದು ತೇಲಿಸಿಬಿಡುವುದು ನಮ್ಮ ವೃತ್ತಿಯವರ ದೌರ್ಬಲ್ಯ. ಪರಿಚಯದ ಸ್ಟುಡಿಯೊದವರು ಮದುವೆ ಆಲ್ಬಂ ಜೋಡಿಸುವ ಕೆಲಸಕ್ಕೆ ಕರೆದಿದ್ದರು. ಕಲೆಗೆ ಮಾಡುವ ದ್ರೋಹವೆಂದು ಆಕೆ ಒಪ್ಪಿರಲಿಲ್ಲ. ವಾರಕ್ಕೆ ಮೂರೇ ದಿನ ಎಂದು ಮೊದಲೇ ಮಾತಾಡಿ ಒಪ್ಪಿಕೊಳ್ಳುವಂತೆಯೂ, ಆ ಸಂಬಳದಿಂದ ತಿಂಗಳಿಗೆ ಒಂದು ರೀಲಿನ ದುಡ್ಡನ್ನು ಬೇರೆ ಎತ್ತಿಡುವಂತೆಯೂ ಹೇಳಿದೆ. ತಾಯಿಗೆ ಬೇರೆಯಾಗಿ ಹೇಳಿದ್ದು, ಮೂರು ತಿಂಗಳು "ಮುಂದೇನು" ಎಂದು ಕೇಳಬೇಡಿ ಎಂದು ಮಾತ್ರ. ದೊಡ್ಡಪ್ಪನ ಸಲಹೆ ನನ್ನದಕ್ಕಿಂತ ಉಪಯೋಗಕ್ಕೆ ಬಂತು: ಹುಷಾರಾಗಿ ಸುತ್ತಿದರೆ 36ರ ರೀಲಿನಲ್ಲಿ 38 ಸಿಗುತ್ತದೆ, ಆ ಎರಡನ್ನು ಯಾರಿಗೂ ಲೆಕ್ಕ ಕೊಡಬೇಕಿಲ್ಲ ಎಂದಿದ್ದರು.

ಆರನೆಯ ಭೇಟಿಯ ವೇಳೆಗೆ ಆಕೆ ಒಂದು ಹೊಸ ರೀಲು ಮುಗಿಸಿದ್ದಳು. ಇಬ್ಬರು ಸಹಪಾಠಿಗಳು ತಿಂಗಳಿಗೊಮ್ಮೆ ಮನೆಗೆ ಬಂದು, ಪ್ರಿಂಟುಗಳನ್ನು ಗೋಡೆಗಲ್ಲ, ನೆಲದ ಮೇಲೆ ಹರಡಿಕೊಂಡು ನೋಡಲು ಶುರುಮಾಡಿದ್ದರು. ಫ್ರಿಜ್ಜಿನಲ್ಲಿ ಇನ್ನೂ ನಾಲ್ಕು ಹಳೆಯ ರೀಲುಗಳಿದ್ದವು. ಅವನ್ನು ಯಾವಾಗ ತೊಳೆಯುತ್ತೀರಿ ಎಂದು ನಾನು ಕೇಳಲಿಲ್ಲ. ಮುಂದಿನ ಭೇಟಿಗೆ ದಿನ ಗೊತ್ತುಮಾಡದೆ, ಬೇಕೆನಿಸಿದಾಗ ಫೋನ್ ಮಾಡುವಂತೆ ಹೇಳಿ ಕಳಿಸಿದೆ.